ಹಳೆಯ ಓಮ್ನಿ ಕ್ಯಾಂಪರ್: ಸ್ಲೈಡಿಂಗ್ ಬಾಗಿಲಿನ ಮುರಿದ ಹ್ಯಾಂಡಲ್ ಬದಲಿಸುವುದು ಹೇಗೆ

ಓಮ್ನಿಯ ಸ್ಲೈಡಿಂಗ್ ಬಾಗಿಲಿನ ಹ್ಯಾಂಡಲ್ ಮುರಿದರೆ ಎಲ್ಲರೂ ಹ್ಯಾಂಡಲ್‌ನ್ನೇ ಬೈಯುತ್ತಾರೆ. ಹೊಸದು ತಂದು ಹಾಕುತ್ತಾರೆ. ಮುಂದಿನ ಮಳೆಗಾಲದೊಳಗೆ ಅದೂ ಮುರಿಯುತ್ತದೆ. ನಾನು ನೋಡಿದ ಮಟ್ಟಿಗೆ ಹ್ಯಾಂಡಲ್ ತಾನಾಗಿ ಮುರಿಯುವುದು ಕಮ್ಮಿ. ಬಾಗಿಲು ಬಿಗಿಯಾಗಿರುತ್ತದೆ, ನಾವು ಜಾಸ್ತಿ ಜೋರು ಹಾಕಿ ಎಳೆಯುತ್ತೇವೆ, ಆ ಜೋರೆಲ್ಲ ಒಂದು ಸಣ್ಣ ಪ್ಲಾಸ್ಟಿಕ್ ತುಂಡಿನ ಮೇಲೆ ಬೀಳುತ್ತದೆ. ಹಾಗಾಗಿ ಹ್ಯಾಂಡಲ್ ಬದಲಿಸುವುದು ಅರ್ಧ ಕೆಲಸ. ಬಾಗಿಲನ್ನು ಹಗುರಾಗಿ ಜಾರುವಂತೆ ಮಾಡುವುದು ಇನ್ನರ್ಧ. ಇಲ್ಲಿ ಎರಡನ್ನೂ ಬರೆಯುತ್ತಿದ್ದೇನೆ.

ನಮ್ಮದು 2002ರ ಮಾಡೆಲ್. ಮಾರುತಿ ಈ ಗಾಡಿಯನ್ನು 1984ರಲ್ಲಿ ಬರೀ 'ವ್ಯಾನ್' ಅಂತ ತಂದಿತು, 1988ರಲ್ಲಿ ಓಮ್ನಿ ಅಂತ ಹೆಸರಿಟ್ಟಿತು, 2019ರಲ್ಲಿ ನಿಲ್ಲಿಸಿತು. ಅಷ್ಟು ವರ್ಷ ಓಡಿದ ಗಾಡಿ ಆದ್ದರಿಂದ ಬಿಡಿಭಾಗಕ್ಕೆ ಇವತ್ತಿಗೂ ಬರ ಇಲ್ಲ. ಹಳೆ ಗಾಡಿ ಇಟ್ಟುಕೊಂಡವರಿಗೆ ಇದು ದೊಡ್ಡ ಧೈರ್ಯ. ನಮ್ಮದು ಕ್ಯಾಂಪರ್, ಅಂದರೆ ಒಳಗೇ ಮಲಗಿ, ಚಹಾ ಕಾಸಿಕೊಂಡು ತಿರುಗುವ ಗಾಡಿ. ಸೀಟಿನ ಮೇಲೆ ಹಾಸುವ ಪ್ಲೈವುಡ್ ಮಂಚ ಇದೆ, ಅದರ ಕೆಳಗೆ ಪಾತ್ರೆ ಸಾಮಾನಿನ ಡಬ್ಬಿಗಳಿವೆ. ಬಾಗಿಲ ಒಳಮೈಗೆ ಫೋಮ್ ಅಂಟಿಸಿ ಮೇಲೆ ತೆಳು ಪ್ಲೈ ಹೊಡೆದಿದ್ದೇವೆ. ಶಿರಸಿಯ ಮಳೆಯಲ್ಲಿ ನೆನೆಯುತ್ತದೆ, ದೇವಿಮನೆ ಘಾಟಿ ಇಳಿದು ಕುಮಟಾ, ಗೋಕರ್ಣಕ್ಕೆ ಹೋದರೆ ಉಪ್ಪು ಗಾಳಿ ತಿನ್ನುತ್ತದೆ. ನೀರು ಮತ್ತು ಉಪ್ಪು ಎರಡೂ ಮೊದಲು ಹೋಗಿ ಕೂರುವುದು ಬಾಗಿಲಿನ ಹೊಟ್ಟೆಯೊಳಗೆ.

ಮೊದಲು ಮುರಿದದ್ದು ಯಾವುದು ಅಂತ ನೋಡಿ

ಹೊರಗಿನ ಹ್ಯಾಂಡಲ್ ಎಳೆದಾಗ ಒಳಗೆ ನಡೆಯುವುದು ಸರಳ. ಹ್ಯಾಂಡಲ್‌ನ ಬಾಲದಂತಹ ತುದಿಗೆ ಒಂದು ಕಬ್ಬಿಣದ ರಾಡ್ ಸಿಕ್ಕಿಸಿರುತ್ತದೆ. ರಾಡ್ ಹೋಗಿ ಲ್ಯಾಚ್‌ನ ಲಿವರ್ ಅನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ. ಲ್ಯಾಚ್ ಅಂದರೆ ಬಾಗಿಲ ಅಂಚಿನಲ್ಲಿ ಕಾಣುವ ಕೊಕ್ಕೆ. ಅದು ಬಾಡಿಯ ಮೇಲಿನ ಸ್ಟ್ರೈಕರ್ ಅನ್ನು, ಅಂದರೆ ಅಲ್ಲಿ ಕೂರಿಸಿದ ಗಟ್ಟಿ ಕಬ್ಬಿಣದ ತುಂಡನ್ನು, ಏಡಿಯ ಕೊಂಬಿನಂತೆ ಕಚ್ಚಿ ಹಿಡಿಯುತ್ತದೆ. ರಾಡ್ ಕಳಚಿ ಬೀಳದಂತೆ ಒಂದು ಪುಟ್ಟ ಪ್ಲಾಸ್ಟಿಕ್ ಕ್ಲಿಪ್ ಇರುತ್ತದೆ. ಈ ಸಾಲಿನಲ್ಲಿ ಯಾವ ಕೊಂಡಿ ಬಿಟ್ಟರೂ ನಮಗೆ ಕಾಣುವುದು ಒಂದೇ: ಹ್ಯಾಂಡಲ್ ಎಳೆದರೆ ಬಾಗಿಲು ತೆಗೆಯುವುದಿಲ್ಲ.

ಕೈಗೆ ಬರುವ ಅನುಭವದಲ್ಲೇ ಸುಮಾರು ವಿಷಯ ತಿಳಿಯುತ್ತದೆ. ಹ್ಯಾಂಡಲ್ ಪೂರ್ತಿ ಸಡಿಲವಾಗಿ, ಭಾರವೇ ಇಲ್ಲದೆ ಮೇಲೆದ್ದರೆ ಕ್ಲಿಪ್ ಹೋಗಿದೆ ಇಲ್ಲವೇ ರಾಡ್ ಕಳಚಿದೆ. ಎಳೆದ ಹ್ಯಾಂಡಲ್ ತಾನಾಗಿ ವಾಪಸ್ ಕೂರದಿದ್ದರೆ ಸ್ಪ್ರಿಂಗ್ ಹೋಗಿದೆ. ಹ್ಯಾಂಡಲ್ ಒಂದು ಕಡೆ ವಾಲಿ ಬಂದರೆ ತಿರುಗುವ ಪಿನ್ ಕೂರುವ ಕಿವಿ ಒಡೆದಿದೆ. ಹ್ಯಾಂಡಲ್ ಗಟ್ಟಿಯಾಗಿದ್ದು, ಎಳೆದಾಗ ಒಳಗೆ 'ಟಕ್' ಅಂದರೂ ಬಾಗಿಲು ಅಲ್ಲಾಡದಿದ್ದರೆ ಹ್ಯಾಂಡಲ್‌ನಲ್ಲಿ ತೊಂದರೆಯೇ ಇಲ್ಲ, ಅದು ಲ್ಯಾಚ್ ಅಥವಾ ಸ್ಟ್ರೈಕರ್‌ನ ಕಥೆ.

ಇದನ್ನು ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ ಇದೆ. ನನಗೆ ನಮ್ಮೂರ ಗ್ಯಾರೇಜಿನ ಮೇಸ್ತ್ರಿ ಹೇಳಿಕೊಟ್ಟದ್ದು. ಬಾಗಿಲನ್ನು ಹೇಗಾದರೂ ಒಂದು ಗೇಣು ತೆರೆದುಕೊಳ್ಳಿ. ಲ್ಯಾಚ್‌ನ ಬಾಯಿಗೆ ಸ್ಕ್ರೂಡ್ರೈವರ್‌ನ ದುಂಡು ಕಡ್ಡಿ ಒತ್ತಿ, ಸ್ಟ್ರೈಕರ್ ಒಳಗೆ ಹೋದಂತೆಯೇ ಲಾಕ್ ಮಾಡಿ. ಎರಡು ಸಲ 'ಟಕ್ ಟಕ್' ಅನ್ನಬೇಕು. ಮೊದಲನೆಯದು ಅರ್ಧ ಲಾಕ್, ಎರಡನೆಯದು ಪೂರ್ತಿ ಲಾಕ್. ಈಗ ಹ್ಯಾಂಡಲ್ ಎಳೆಯಿರಿ. ಕೊಕ್ಕೆ ಬಿಟ್ಟುಕೊಂಡರೆ ಹ್ಯಾಂಡಲ್, ರಾಡ್, ಲ್ಯಾಚ್ ಮೂರೂ ಸರಿ ಇವೆ. ಬಾಗಿಲು ಹಾಕಿದಾಗ ಮಾತ್ರ ತೊಂದರೆ ಅಂದರೆ ಬಾಗಿಲು ಜಗ್ಗಿ ಸ್ಟ್ರೈಕರ್‌ಗೆ ಉಜ್ಜುತ್ತಿದೆ ಅಂತ ಅರ್ಥ. ಹ್ಯಾಂಡಲ್ ಎಳೆದರೆ ಬಿಡದ ಕೊಕ್ಕೆ, ಒಳಗಿನ ಹ್ಯಾಂಡಲ್ ಎಳೆದಾಗ ಬಿಟ್ಟರೆ ತಪ್ಪು ಹೊರಗಿನ ಹ್ಯಾಂಡಲ್ ಅಥವಾ ಅದರ ರಾಡ್‌ನದ್ದು.

ಪರೀಕ್ಷೆ ಮುಗಿದ ಮೇಲೆ ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಮುಟ್ಟಿ. ಲಾಕ್ ಆದ ಕೊಕ್ಕೆಯ ಮೇಲೆ ಬಾಗಿಲು ಎಳೆದು ಹಾಕಿದರೆ ಸ್ಟ್ರೈಕರ್ ಅದಕ್ಕೆ ಗುದ್ದಿ ಎರಡೂ ಹಾಳಾಗುತ್ತವೆ.

ಬಾಗಿಲು ಪೂರ್ತಿ ಮುಚ್ಚಿಕೊಂಡು ಕೂತಿದ್ದರೆ? ಓಮ್ನಿಗೆ ಎರಡೂ ಕಡೆ ಸ್ಲೈಡಿಂಗ್ ಬಾಗಿಲು ಇರುವುದು ಇಲ್ಲಿ ಪುಣ್ಯ. ಇನ್ನೊಂದು ಬಾಗಿಲಿಂದ ಒಳಗೆ ಹೋಗಿ, ಒಳಗಿನ ಹ್ಯಾಂಡಲ್ ಎಳೆಯಿರಿ. ಅದೇ ಹೊತ್ತಿಗೆ ಹೊರಗಿನಿಂದ ಒಬ್ಬರು ಅಂಗೈಯಲ್ಲಿ ಬಾಗಿಲನ್ನು ಒಳಕ್ಕೆ ಒತ್ತಿ ಹಿಡಿಯಲಿ. ಅಂಚಿನ ರಬ್ಬರ್ ಪಟ್ಟಿ (ಬೀಡಿಂಗ್) ಬಾಗಿಲನ್ನು ಹೊರಕ್ಕೆ ತಳ್ಳುತ್ತಾ ಇರುತ್ತದೆ, ಆ ಒತ್ತಡ ಕೊಕ್ಕೆಯ ಮೇಲೆ ಕೂತಿರುತ್ತದೆ. ಒಳಕ್ಕೆ ಒತ್ತಿದರೆ ಕೊಕ್ಕೆ ಹಗುರಾಗಿ ಸುಮ್ನೆ ಬಿಟ್ಟುಬಿಡುತ್ತದೆ. ಇದಕ್ಕೂ ಬಗ್ಗದಿದ್ದರೆ ಬಾಗಿಲು ಮುಚ್ಚಿದ ಹಾಗೇ ಒಳಗಿನ ಪ್ಲೈ ಬಿಚ್ಚಿ ಲಿವರ್ ಅನ್ನು ಕೈಯಿಂದ ಎಳೆಯಬೇಕು. ಅದೂ ಕಷ್ಟ ಅಲ್ಲ.

ಅಂಗಡಿಯಲ್ಲಿ

ಹಳೆ ಹ್ಯಾಂಡಲ್ ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಓಮ್ನಿ ಮೂವತ್ತು ವರ್ಷಕ್ಕೂ ಜಾಸ್ತಿ ತಯಾರಾದ ಗಾಡಿ, ನಡುವೆ ಬದಲಾವಣೆಗಳಾಗಿವೆ. ಅಂಗಡಿಯವರು ಕೇಳುವ ಮೊದಲ ಪ್ರಶ್ನೆಯೇ "ಓಲ್ಡ್ ಮಾಡೆಲ್ಲಾ ನ್ಯೂ ಮಾಡೆಲ್ಲಾ ಅಕ್ಕಾ?" ಅಂತ. ಎರಡನೆಯದು "ಲೆಫ್ಟಾ ರೈಟಾ?" ಮುಂದಿನ ಬಾಗಿಲಿನದೂ ಸ್ಲೈಡಿಂಗ್ ಬಾಗಿಲಿನದೂ ಬೇರೆ ಬೇರೆ, ಅದನ್ನು ನೀವೇ ಬಾಯಿ ಬಿಟ್ಟು ಹೇಳಬೇಕು. ಹಳೆ ತುಂಡನ್ನು ಹೊಸದರ ಪಕ್ಕ ಇಟ್ಟು ನೋಡಿದರೆ ಈ ಗೊಂದಲವೇ ಇಲ್ಲ. ಬೋಲ್ಟ್‌ಗಳ ನಡುವಿನ ಅಂತರ, ಬಾಲದ ಉದ್ದ, ರಾಡ್ ಕೂರುವ ತೂತು, ಈ ಮೂರು ಸರಿಹೊಂದಬೇಕು.

ಹುಬ್ಬಳ್ಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ನಮಗೆ ಸಿಗುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದೇ ಇದೆ. ಹೊಸದರಲ್ಲಿ ಎರಡು ಬಗೆ: ಮಾರುತಿಯ ಸೀಲ್ ಇರುವ ಪ್ಯಾಕೆಟ್‌ನದು, ಮತ್ತೆ ಬೇರೆ ಕಂಪನಿಗಳು ಮಾಡುವುದು. ಎರಡನೆಯದನ್ನು ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಅಂಗಡಿಯಲ್ಲೇ ಇಪ್ಪತ್ತು ಮೂವತ್ತು ಸಲ ಎಳೆದು ಬಿಟ್ಟು ನೋಡಿ. ಸ್ಪ್ರಿಂಗ್ ಪ್ರತಿ ಸಲವೂ ಚುರುಕಾಗಿ ವಾಪಸ್ ಬರಬೇಕು. ಹ್ಯಾಂಡಲ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಪಿನ್ ಹತ್ತಿರ ಆಟ, ಅಂದರೆ ಸಡಿಲ, ಇದ್ದರೆ ವಾಪಸ್ ಕೊಡಿ. ಬಾಲ ಲೋಹದ್ದಾಗಿದ್ದರೆ ಒಳ್ಳೆಯದು. ಗುಜರಿಯಲ್ಲಿ ಸಿಗುವ ಹಳೆಯ ಹ್ಯಾಂಡಲ್ ನನಗೆ ಅಷ್ಟು ಇಷ್ಟ ಅಲ್ಲ. ಪ್ಲಾಸ್ಟಿಕ್ ಬಿಸಿಲಿಗೆ ವಯಸ್ಸಾಗುತ್ತದೆ, ಹೊರಗೆ ಹೊಳೆಯುತ್ತಿದ್ದರೂ ಒಳಗೆ ಪೆಡಸಾಗಿರುತ್ತದೆ. ಲ್ಯಾಚ್, ರೋಲರ್ (ಬಾಗಿಲು ಓಡುವ ಸಣ್ಣ ಗಾಲಿ) ಕೂರುವ ಬ್ರಾಕೆಟ್‌ನಂತಹ ಕಬ್ಬಿಣದ ಸಾಮಾನಿಗೆ ಗುಜರಿ ಸರಿ.

ಹ್ಯಾಂಡಲ್ ಜೊತೆ ಇನ್ನೂ ಮೂರು ಚಿಲ್ಲರೆ ಸಾಮಾನು ತನ್ನಿ. ರಾಡ್ ಕ್ಲಿಪ್ ನಾಲ್ಕೈದು. ಹಳೇ ಕ್ಲಿಪ್ ಬಿಚ್ಚುವಾಗ ಒಡೆಯುವುದು ಜಾಸ್ತಿ. ಅದರಲ್ಲೂ ಎಡ ಬಲ ಅಂತ ಇದೆ, ರಾಡ್‌ನ ದಪ್ಪಕ್ಕೆ ತಕ್ಕಂತೆ ಅಳತೆಯೂ ಇದೆ. ಹ್ಯಾಂಡಲ್ ಅಡಿಗೆ ಕೂರುವ ರಬ್ಬರ್ ಗ್ಯಾಸ್ಕೆಟ್. ಹಾಗೇ ಬಾಗಿಲ ಒಳಮೈಯ ಹಾರ್ಡ್‌ಬೋರ್ಡ್ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಒಂದು ಹಿಡಿ. ಎಲ್ಲ ಸೇರಿಯೂ ಕೆಲವು ನೂರು ರೂಪಾಯಿಯ ಮಾತು.

ಮನೆಯಲ್ಲಿ ಇರಬೇಕಾದದ್ದು: ಸ್ಟಾರ್ ಸ್ಕ್ರೂಡ್ರೈವರ್, 8 ಮತ್ತು 10ರ ಬಾಕ್ಸ್ ಪಾನಾ ಅಥವಾ ಟಿ ಸ್ಪ್ಯಾನರ್, ಮೂಗು ಉದ್ದದ ನೋಸ್ ಪ್ಲೇಯರ್, ಟಾರ್ಚ್, ಮಾಸ್ಕಿಂಗ್ ಟೇಪ್, ತುಕ್ಕು ಬಿಡಿಸುವ ಸ್ಪ್ರೇ, ಗ್ರೀಸ್, ಎಮರಿ ಪೇಪರ್, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ, ಹಳೆ ಬಟ್ಟೆ. ಕೈಗೆ ಗವಸು ಖಂಡಿತ ಬೇಕು. ಬಾಗಿಲಿನ ತಗಡಿನ ಒಳ ಅಂಚು ಬ್ಲೇಡ್‌ನ ಹಾಗೆ ಕೊಯ್ಯುತ್ತದೆ.

ಬಿಚ್ಚುವುದು

ಸ್ಲೈಡಿಂಗ್ ಬಾಗಿಲಿನಲ್ಲಿ ಒಂದು ವಿಶೇಷ ಇದೆ. ಮುಂದಿನ ಬಾಗಿಲಾದರೆ ಪೂರ್ತಿ ತೆಗೆದು ಆರಾಮಾಗಿ ಕೆಲಸ ಮಾಡಬಹುದು. ಇದನ್ನು ಪೂರ್ತಿ ತೆರೆದರೆ ಒಳಮೈ ಹೋಗಿ ಗಾಡಿಯ ಬಾಡಿಗೆ ಮುಖ ಮಾಡಿ ನಿಲ್ಲುತ್ತದೆ, ಕೈಯೇ ಹೋಗುವುದಿಲ್ಲ. ಅದಕ್ಕೇ ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬಾಗಿಲನ್ನು ಒಂದು ಗೇಣು ಮಾತ್ರ ತೆರೆದಿಡಿ. ಅದು ಜಾರಿ ಮುಚ್ಚಿಕೊಳ್ಳದಂತೆ ಬಾಗಿಲು ಜಾರುವ ಕೆಳಗಿನ ರೈಲಿನಲ್ಲಿ ಒಂದು ಮರದ ತುಂಡು ಸಿಕ್ಕಿಸಿ. ನೀವು ಒಳಗೆ ಕೂತು ಕೆಲಸ ಮಾಡುತ್ತೀರಿ. ಕಡೆಯ ಪರೀಕ್ಷೆ ಮುಗಿಯುವವರೆಗೆ ಆ ಮರದ ತುಂಡು ತೆಗೆಯುವಂತಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿಟ್ಟಿರಿ.

ಕ್ಯಾಂಪರ್‌ನಲ್ಲಿ ಮೊದಲು ನಾವೇ ಹೊಡೆದ ಪ್ಲೈ ಬಿಚ್ಚಬೇಕು. ಸ್ಕ್ರೂ ಹಾಕಿದ್ದರೆ ಸುಲಭ. ಅಂಟು ಹಾಕಿ ಕೂರಿಸಿದ್ದರೆ ನಿಧಾನವಾಗಿ ಅಗಲವಾದ ಚಪ್ಪಟೆ ಬ್ಲೇಡಿನಿಂದ ಎಬ್ಬಿಸಿ. ಅದರ ಹಿಂದೆ ಗಾಡಿಯ ಮೂಲ ಹಾರ್ಡ್‌ಬೋರ್ಡ್ ಇದ್ದರೆ ಅದರ ಅಂಚಿನಲ್ಲಿ ಕ್ಲಿಪ್‌ಗಳು ಇರುತ್ತವೆ. ಬೋರ್ಡಿನ ಮಧ್ಯ ಹಿಡಿದು ಎಳೆದರೆ ಬೋರ್ಡ್ ಹರಿಯುತ್ತದೆ, ಕ್ಲಿಪ್ ಅಲ್ಲೇ ಉಳಿಯುತ್ತದೆ. ಪ್ರತಿ ಕ್ಲಿಪ್‌ನ ಪಕ್ಕಕ್ಕೇ ಚಪ್ಪಟೆ ಉಪಕರಣ ತೂರಿಸಿ, ಒಂದೊಂದಾಗಿ ಎಬ್ಬಿಸಿ. ಒಳಗಿನ ಹ್ಯಾಂಡಲ್‌ನ ಸುತ್ತಲ ಪಟ್ಟಿಗೆ ಸ್ಕ್ರೂ ಇರುತ್ತದೆ, ಅದನ್ನು ಮೊದಲೇ ತೆಗೆದಿರಬೇಕು.

ಮುಂದಿನ ಬಾಗಿಲಿನ ಹ್ಯಾಂಡಲ್ ಬದಲಿಸುವವರಿಗೆ ಇಲ್ಲೊಂದು ಮಾತು. ಗಾಜು ಇಳಿಸುವ ತಿರುಗಿಸುವ ಹಿಡಿಕೆ ಸ್ಕ್ರೂನಿಂದ ನಿಂತಿರುವುದಿಲ್ಲ, ಹಿಂದೆ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಳೆ ಬಟ್ಟೆಯ ಪಟ್ಟಿಯೊಂದನ್ನು ಹಿಡಿಕೆಯ ಹಿಂದೆ ತೂರಿಸಿ, ಎರಡೂ ತುದಿ ಹಿಡಿದು ಆಚೆ ಈಚೆ ಎಳೆದರೆ ಕ್ಲಿಪ್ ಟಣ್ ಅಂತ ಹಾರುತ್ತದೆ. ಎಲ್ಲಿ ಹಾರಿತು ಅಂತ ನೋಡಿಟ್ಟುಕೊಳ್ಳಿ. ಉಳಿದ ಕೆಲಸ ಎರಡೂ ಬಾಗಿಲಿಗೆ ಹೆಚ್ಚುಕಮ್ಮಿ ಒಂದೇ.

ಬೋರ್ಡ್ ತೆಗೆದ ಮೇಲೆ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಬೇಡದ ಕವರ್ ಅಂತ ಹರಿದು ಬಿಸಾಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಜಿನ ಪಕ್ಕದಿಂದ ಬಾಗಿಲೊಳಗೆ ಮಳೆ ನೀರು ಇಳಿಯುವುದು ಸಹಜ, ಅದು ತಳದ ತೂತುಗಳಿಂದ ಹೊರಗೆ ಹೋಗಬೇಕು ಅಂತಲೇ ಬಾಗಿಲು ಮಾಡಿರುತ್ತಾರೆ. ಆ ನೀರು ಬೋರ್ಡಿಗೆ, ನಮ್ಮ ಹಾಸಿಗೆಗೆ ತಾಗದಂತೆ ತಡೆಯುವುದು ಈ ಹಾಳೆ. ಸ್ವಲ್ಪ ಹೊತ್ತು ಬಿಸಿಲು ಬೀಳಲಿ, ಅಥವಾ ಹೇರ್ ಡ್ರೈಯರ್ ಹಿಡಿಯಿರಿ. ಕಪ್ಪು ಅಂಟು ಮೆತ್ತಗಾಗುತ್ತದೆ, ಹಾಳೆ ಹರಿಯದೆ ಬಿಟ್ಟುಕೊಳ್ಳುತ್ತದೆ. ಹರಿದೇ ಹೋಗಿದ್ದರೆ ದಪ್ಪ ಪಾಲಿಥಿನ್ ಶೀಟ್ ಅದೇ ಅಳತೆಗೆ ಕತ್ತರಿಸಿ.

ಈಗ ಟಾರ್ಚ್ ಹಿಡಿದು ಒಳಗೆ ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹ್ಯಾಂಡಲ್‌ನಿಂದ ಹೊರಟ ರಾಡ್ ಎಲ್ಲಿಗೆ ಹೋಗುತ್ತದೆ, ಯಾವುದರ ಮೇಲಿಂದ ಹಾಯುತ್ತದೆ, ಕ್ಲಿಪ್ ಯಾವ ಕಡೆ ಮುಖ ಮಾಡಿದೆ, ಇದೆಲ್ಲ ಫೋಟೋದಲ್ಲಿ ಇರಲಿ. ಒಳಗಿನ ಹ್ಯಾಂಡಲ್‌ನ ರಾಡ್, ಲಾಕ್ ಗುಂಡಿಯ ರಾಡ್ ಕೂಡ ಅದೇ ಜಾಗದಲ್ಲಿ ಹಾಯುತ್ತವೆ. ವಾಪಸ್ ಜೋಡಿಸುವಾಗ ಗೊಂದಲ ಆಗುವುದು ಇಲ್ಲೇ.

ಬಾಗಿಲಿನ ತಳಕ್ಕೆ ಒಂದು ಹಳೆ ಟವೆಲ್ ತುರುಕಿ. ನಟ್ಟು ಕೈ ಜಾರಿ ಬಿದ್ದರೆ ಮೂಲೆಗೆ ಹೋಗಿ ಸೇರದೆ ಬಟ್ಟೆಯ ಮೇಲೆ ಕೂರುತ್ತದೆ.

ರಾಡ್ ಕ್ಲಿಪ್‌ನ್ನು ಎಳೆಯಬೇಡಿ, ತಿರುಗಿಸಿ. ಅದರ ಒಂದು ಬದಿ ರಾಡ್ ಅನ್ನು ಅಪ್ಪಿ ಹಿಡಿದಿರುತ್ತದೆ. ಆ ಬದಿಯನ್ನು ಉಗುರಿನಿಂದಲೋ ಸಣ್ಣ ಸ್ಕ್ರೂಡ್ರೈವರ್‌ನಿಂದಲೋ ಬಿಡಿಸಿ ಪಕ್ಕಕ್ಕೆ ತಿರುಗಿಸಿದರೆ ರಾಡ್ ತೂತಿನಿಂದ ಸಲೀಸಾಗಿ ಹೊರಬರುತ್ತದೆ. ರಾಡ್ ಬಗ್ಗಿಸಬೇಡಿ. ಒಂದು ಚೂರು ಬಗ್ಗಿದರೂ ಅದರ ಉದ್ದ ಬದಲಾದ ಹಾಗೆಯೇ, ಆಮೇಲೆ ಲ್ಯಾಚ್ ಸರಿಯಾಗಿ ಬಿಡುವುದಿಲ್ಲ.

ಹ್ಯಾಂಡಲ್ ಸುತ್ತ ಹೊರಗಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ. ಒಳಗಿನ ನಟ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಹೋಗಿ ಚಹಾ ಕುಡಿದು ಬನ್ನಿ. ನಮ್ಮ ಕರಾವಳಿ ಕಡೆಯ ಗಾಡಿಗಳಿಗೆ ಹಿಂದಿನ ರಾತ್ರಿಯೇ ಒಂದು ಸಲ ಹೊಡೆದಿಟ್ಟರೆ ಇನ್ನೂ ಒಳ್ಳೆಯದು. ಬೋಲ್ಟ್ ಪ್ಲಾಸ್ಟಿಕ್‌ನೊಳಗೆ ಹುದುಗಿರುತ್ತದೆ. ಜೋರು ಮಾಡಿದರೆ ಬೋಲ್ಟೇ ಸುತ್ತಲು ಶುರುವಾಗುತ್ತದೆ. ಹಾಗಾದರೆ ಗಾಬರಿ ಬೇಡ, ಹೇಗೂ ಹಳೆ ಹ್ಯಾಂಡಲ್ ಬಿಸಾಡುವಂಥದ್ದು. ಹೊರಗಿನಿಂದ ಪ್ಲಾಸ್ಟಿಕ್ ಒಡೆದು ಬೋಲ್ಟ್‌ನ ತಲೆಯನ್ನು ಪ್ಲೇಯರ್‌ನಲ್ಲಿ ಹಿಡಿದು, ಒಳಗಿನಿಂದ ನಟ್ಟು ತಿರುಗಿಸಿ. ಕೊನೆಯ ನಟ್ಟು ಬಿಡುವಾಗ ಹೊರಗಿನಿಂದ ಒಂದು ಕೈ ಹ್ಯಾಂಡಲ್‌ಗೆ ಆಸರೆಯಾಗಿರಲಿ. ಈ ಒಂದು ಕ್ಷಣಕ್ಕೆ ನಾನು ನಮ್ಮನೆಯವರನ್ನು ಕರೆಯುತ್ತೇನೆ.

ತುಕ್ಕು

ಹ್ಯಾಂಡಲ್ ಹೊರಬಂದಾಗ ಅದರ ಅಡಿಯಲ್ಲಿ ಕಂದು ಬಣ್ಣದ ಅಚ್ಚು ಕಾಣುತ್ತದೆ. ಮಲೆನಾಡು, ಕರಾವಳಿಯ ಯಾವ ಹಳೆ ಓಮ್ನಿಯಲ್ಲೂ ಇದು ಇಲ್ಲದೇ ಇರಲಾರದು. ಗ್ಯಾಸ್ಕೆಟ್ ಒಣಗಿ ಕುಗ್ಗಿದ ಮೇಲೆ ನೀರು ಅಲ್ಲಿ ನಿಂತು ನಿಂತು ಬಣ್ಣವನ್ನು ಎಬ್ಬಿಸಿರುತ್ತದೆ. ಹೊಸ ಹ್ಯಾಂಡಲ್ ಇದರ ಮೇಲೆ ಕೂರಿಸಿದರೆ ತುಕ್ಕು ಒಳಗೇ ಬೆಳೆಯುತ್ತದೆ, ನಾಲ್ಕೈದು ವರ್ಷದಲ್ಲಿ ಬೋಲ್ಟ್ ತೂತೇ ಅಗಲವಾಗಿ ಹ್ಯಾಂಡಲ್ ನಿಲ್ಲಲು ತಗಡೇ ಇರುವುದಿಲ್ಲ. ಆಮೇಲೆ ಟಿಂಕರಿಂಗ್, ಪೇಂಟಿಂಗ್ ಅಂತ ಸಾವಿರಗಟ್ಟಲೆ ಖರ್ಚು.

ಎಮರಿ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ಉಜ್ಜಿ. ಮೊದಲು ಒರಟು, ಆಮೇಲೆ ನಯ. ಒಣ ಬಟ್ಟೆಯಿಂದ ಒರೆಸಿ, ಥಿನ್ನರ್ ಸ್ವಲ್ಪ ಮುಟ್ಟಿಸಿ, ರೆಡ್ ಆಕ್ಸೈಡ್ ತೆಳುವಾಗಿ ಎರಡು ಸಲ ಹಚ್ಚಿ. ತೂತುಗಳ ಒಳ ಅಂಚಿಗೂ ಬ್ರಷ್ ಹೋಗಬೇಕು, ತುಕ್ಕು ಹುಟ್ಟುವುದು ಅಲ್ಲಿಂದಲೇ. ಒಣಗಿದ ಮೇಲೆ ಗಾಡಿಯ ಬಣ್ಣ. ಹ್ಯಾಂಡಲ್ ಮುಚ್ಚುವ ಜಾಗ ಆದ್ದರಿಂದ ಬಣ್ಣ ಪೂರ್ತಿ ಹೊಂದದಿದ್ದರೂ ನಡೆಯುತ್ತದೆ. ಒಣಗಲು ಸಮಯ ಕೊಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಒಣಗುವುದೇ ಇಲ್ಲ. ದೀಪಾವಳಿ ಕಳೆದ ಮೇಲೆ, ಬಿಸಿಲು ಗಟ್ಟಿಯಾದಾಗ ಮಾಡಿ.

ಇದೇ ಹೊತ್ತಿಗೆ ಬಾಗಿಲ ತಳದ ತೂತುಗಳನ್ನು ನೋಡಿ. ಕ್ಯಾಂಪರ್ ಮಾಡುವಾಗ ಚಳಿ, ಸೆಕೆ ತಡೆಯಲು ಬಾಗಿಲ ಹೊಟ್ಟೆಯೊಳಗೆ ಫೋಮ್, ಥರ್ಮಾಕೋಲ್ ತುಂಬುತ್ತಾರೆ. ಅದು ಜಾರಿ ತಳಕ್ಕೆ ಕೂತರೆ ತೂತು ಮುಚ್ಚಿ, ನೀರು ಬಾಗಿಲೊಳಗೇ ನಿಲ್ಲುತ್ತದೆ. ಘಾಟಿಯಲ್ಲಿ ತಿರುವು ಬಂದಾಗ ಬಾಗಿಲೊಳಗೆ ಕುಲುಕಿದ ಸದ್ದು ಕೇಳಿದರೆ ಅದು ನಿಂತ ನೀರೇ. ಒಂದು ತಂತಿಯಿಂದ ತೂತು ಬಿಡಿಸಿ. ತಳದ ಒಂದು ಗೇಣು ಎತ್ತರದವರೆಗೆ ಫೋಮ್ ಇರದಂತೆ ಕತ್ತರಿಸಿಬಿಡಿ. ಅಷ್ಟರಿಂದ ಒಳಗಿನ ಬಿಸಿಯಲ್ಲಿ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ, ಬಾಗಿಲಿನ ಆಯಸ್ಸು ಮಾತ್ರ ಹೆಚ್ಚುತ್ತದೆ.

ಹೊಸದನ್ನು ಕೂರಿಸುವುದು

ಗ್ಯಾಸ್ಕೆಟ್ ಮೊದಲು ಹ್ಯಾಂಡಲ್‌ಗೆ, ಆಮೇಲೆ ಹ್ಯಾಂಡಲ್ ಬಾಗಿಲಿಗೆ. ತಿರುಗುವ ಪಿನ್ ಮತ್ತು ಸ್ಪ್ರಿಂಗ್‌ಗೆ ಚೂರು ಗ್ರೀಸ್ ಮುಟ್ಟಿಸಿ. ವಾಷರ್ ಹಾಕಿ, ಎರಡೂ ನಟ್ಟುಗಳನ್ನು ಬೆರಳಲ್ಲೇ ಕೂರುವವರೆಗೆ ತಿರುಗಿಸಿ. ಹೊರಗೆ ಹೋಗಿ ಹ್ಯಾಂಡಲ್ ನೇರ ಕೂತಿದೆಯಾ, ಗ್ಯಾಸ್ಕೆಟ್ ಮಡಚಿದೆಯಾ ನೋಡಿ. ಆಮೇಲೆ ಪಾನಾ ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಅಂತ ಬಿಗಿ ಮಾಡಿ. ಗ್ಯಾಸ್ಕೆಟ್ ಸ್ವಲ್ಪ ಅದುಮಿಕೊಂಡರೆ ಸಾಕು. ಅಲ್ಲಿಂದ ಮುಂದೆ ಬಿಗಿ ಮಾಡಿದರೆ ಪ್ಲಾಸ್ಟಿಕ್‌ಗೆ ಕೂದಲೆಳೆಯ ಬಿರುಕು ಬೀಳುತ್ತದೆ, ಅದು ಇವತ್ತು ಕಾಣುವುದಿಲ್ಲ.

ರಾಡ್ ಜೋಡಿಸುವಾಗ ಹೊಸ ಕ್ಲಿಪ್ ಬಳಸಿ. ಇಲ್ಲಿ ಒಂದು ಅಳತೆ ಬಹಳ ಮುಖ್ಯ. ಹ್ಯಾಂಡಲ್ ಸುಮ್ಮನೆ ಕೂತಿರುವಾಗ ರಾಡ್‌ಗೆ ಒಂದೆರಡು ಮಿಲಿಮೀಟರ್ ಆಟ ಇರಬೇಕು. ಆಟವೇ ಇಲ್ಲದಿದ್ದರೆ ರಾಡ್ ಲಿವರ್ ಅನ್ನು ಸದಾ ಸ್ವಲ್ಪ ಎಳೆದೇ ಹಿಡಿದಿರುತ್ತದೆ, ಲ್ಯಾಚ್ ಪೂರ್ತಿ ಲಾಕ್ ಆಗುವುದಿಲ್ಲ. ಅಂಥ ಬಾಗಿಲು ಓಡುವಾಗ ತೆರೆದುಕೊಳ್ಳಬಹುದು. ಆಟ ಜಾಸ್ತಿ ಇದ್ದರೆ ಹ್ಯಾಂಡಲ್ ಕೊನೆಯವರೆಗೆ ಎಳೆದರೂ ಕೊಕ್ಕೆ ಬಿಡುವುದಿಲ್ಲ, ಆಗ ನಾವು ಮತ್ತೆ ಜೋರು ಹಾಕುತ್ತೇವೆ. ರಾಡ್‌ನ ತುದಿಯಲ್ಲಿ ತಿರುಗಿಸುವ ಥ್ರೆಡ್ ಇದ್ದರೆ ಅದರಲ್ಲೇ ಸರಿ ಮಾಡಿ. ಇಲ್ಲದಿದ್ದರೆ, ರಾಡ್ ಹಳೆಯದೇ ಮತ್ತು ಹ್ಯಾಂಡಲ್ ಸರಿಯಾದ ಮಾಡೆಲ್‌ನದೇ ಆಗಿದ್ದರೆ ಅಳತೆ ತಾನಾಗಿ ಸರಿ ಬರುತ್ತದೆ. ಸರಿ ಬರದಿದ್ದರೆ ಹ್ಯಾಂಡಲ್ ಬೇರೆ ಮಾಡೆಲ್‌ನದು, ಅಂಗಡಿಗೆ ವಾಪಸ್ ಒಯ್ಯಿರಿ.

ಈಗ ಮೊದಲು ಹೇಳಿದ ಸ್ಕ್ರೂಡ್ರೈವರ್ ಪರೀಕ್ಷೆ ಮತ್ತೆ ಮಾಡಿ. ಮರದ ತುಂಡು ಅಲ್ಲೇ ಇರಲಿ. ಹೊರಗಿನ ಹ್ಯಾಂಡಲ್‌ನಿಂದ ಕೊಕ್ಕೆ ಬಿಡಬೇಕು. ಒಳಗಿನದರಿಂದ ಬಿಡಬೇಕು. ಲಾಕ್ ಗುಂಡಿ ಒತ್ತಿದಾಗ ಹೊರಗಿನದರಿಂದ ಬಿಡಬಾರದು. ಗುಂಡಿ ಎತ್ತಿದಾಗ ಮತ್ತೆ ಬಿಡಬೇಕು. ಬಾಗಿಲಿಗೆ ಕೀ ಇದ್ದರೆ ಕೀಯಿಂದಲೂ ನೋಡಿ. ಪ್ರತಿಯೊಂದನ್ನೂ ಐದಾರು ಸಲ ಮಾಡಿ ನೋಡಿದ ಮೇಲೆಯೇ ಮರದ ತುಂಡು ತೆಗೆದು ಬಾಗಿಲು ಹಾಕಿ. ಬೋರ್ಡ್ ಇನ್ನೂ ಹಾಕಬೇಡಿ. ಏನಾದರೂ ಸಿಕ್ಕಿಕೊಂಡರೆ ಕೈಯಿಂದ ಲಿವರ್ ಎಳೆಯಲು ದಾರಿ ಇರಲಿ.

ಒಳಗಿನ ಹ್ಯಾಂಡಲ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಇದು ಬರೀ ಓಡಾಡುವ ಗಾಡಿ ಅಲ್ಲ, ಇದರಲ್ಲಿ ಮಲಗುತ್ತೇವೆ, ಸಣ್ಣ ಸಿಲಿಂಡರ್ ಇಟ್ಟು ಚಹಾ ಕಾಸುತ್ತೇವೆ. ಗ್ಯಾಸ್ ವಾಸನೆ ಬಂದರೆ, ಪರದೆಗೆ ಬೆಂಕಿ ತಾಗಿದರೆ ಒಂದೇ ಎಳೆತಕ್ಕೆ ಬಾಗಿಲು ತೆರೆಯಬೇಕು. ಕತ್ತಲಲ್ಲಿ, ನಿದ್ದೆಗಣ್ಣಲ್ಲಿ, ಚಿಕ್ಕವರ ಕೈಗೂ ತೆರೆಯಬೇಕು. ಎಷ್ಟೋ ಕ್ಯಾಂಪರ್‌ಗಳಲ್ಲಿ ಪ್ಲೈ ಹೊಡೆಯುವಾಗ ಒಳಗಿನ ಹ್ಯಾಂಡಲ್ ಅರ್ಧ ಮುಚ್ಚಿಹೋಗಿರುತ್ತದೆ, ಅಥವಾ ಮಂಚದ ಅಂಚು ಅಡ್ಡ ಬರುತ್ತದೆ. ಎರಡು ಸ್ಲೈಡಿಂಗ್ ಬಾಗಿಲಲ್ಲಿ ಒಂದನ್ನು ಕಪಾಟು ಕಟ್ಟಿ ಪೂರ್ತಿ ಬಂದ್ ಮಾಡಿದವರೂ ಇದ್ದಾರೆ. ಅದು ಸರಿಯಲ್ಲ. ಹೊರಗಿನ ಹ್ಯಾಂಡಲ್ ಒಂದು ವಾರ ತಡವಾದರೂ ಪರವಾಗಿಲ್ಲ. ಒಳಗಿನದು ಕೆಟ್ಟಿದ್ದರೆ ಆ ಗಾಡಿಯಲ್ಲಿ ರಾತ್ರಿ ಮಲಗಬೇಡಿ.

ದಾರಿ ಮಧ್ಯೆ ಹೊರಗಿನ ಹ್ಯಾಂಡಲ್ ಕೈಗೆ ಬಂದರೂ ಇದೇ ಮಾತು. ಒಳಗಿನಿಂದ ತೆಗೆಯುತ್ತಾ ಊರು ಸೇರಿ. ಬೇಕಿದ್ದರೆ ಲಿವರ್‌ಗೆ ಒಂದು ಗಟ್ಟಿ ನೈಲಾನ್ ದಾರ ಕಟ್ಟಿ ತುದಿಯನ್ನು ಒಳಗೇ ಇಟ್ಟುಕೊಳ್ಳಿ. ಬಾಗಿಲನ್ನು ಹೊರಗಿನಿಂದ ಹಗ್ಗದಿಂದ ಬಿಗಿದು ಒಳಗೆ ಜನರನ್ನು ಕೂರಿಸಬೇಡಿ.

ಬಾಗಿಲು ಹಗುರಾಗಬೇಕು

ಈಗ ಇನ್ನರ್ಧ ಕೆಲಸ. ಕೊಕ್ಕೆ ಬಿಡಿಸಿಕೊಂಡು, ಒಂದೇ ಕೈಯಲ್ಲಿ ಬಾಗಿಲು ಜಾರಿಸಿ ನೋಡಿ. ಎಲ್ಲೂ ತಡೆಯದೆ ಹೋಗಬೇಕು. ಇದು ಮೂರು ರೈಲಿನ ಮೇಲೆ ಓಡುತ್ತದೆ: ಮೇಲೊಂದು, ಕೆಳಗೊಂದು, ಹೊರಗೆ ಬಾಡಿಯ ಪಕ್ಕದಲ್ಲಿ ಕಾಣುವ ಮಧ್ಯದ್ದೊಂದು. ಕೆಳಗಿನ ರೈಲಿಗೆ ಚಪ್ಪಲಿಯ ಮಣ್ಣು, ಮರಳು, ಅಡಿಗೆಯ ಕಾಳುಕಡ್ಡಿ ಎಲ್ಲ ಸೇರುತ್ತದೆ. ಸಮುದ್ರದ ದಂಡೆಗೆ ಹೋಗಿ ಬಂದ ಗಾಡಿಯಲ್ಲಿ ಮರಳನ್ನು ಬ್ರಷ್‌ನಿಂದ ಕೆದಕಿ ತೆಗೆಯಬೇಕು. ಸೀಮೆಎಣ್ಣೆ ಅಥವಾ ಡೀಸೆಲ್ ಅದ್ದಿದ ಬಟ್ಟೆಯಿಂದ ಹಳೆ ಗ್ರೀಸ್ ಪೂರ್ತಿ ಒರೆಸಿ. ಹಳೆಯ ಗ್ರೀಸ್‌ನಲ್ಲಿ ಧೂಳು ಸೇರಿ ಅರೆಯುವ ಪೇಸ್ಟ್ ಆಗಿರುತ್ತದೆ, ಅದರ ಮೇಲೇ ಹೊಸ ಗ್ರೀಸ್ ಬಳಿದರೆ ಪ್ರಯೋಜನ ಇಲ್ಲ. ರೋಲರ್‌ನ ಅಚ್ಚಿಗೆ ಗ್ರೀಸ್ ಕೊಡಿ. ರೈಲಿಗೆ ತೆಳು ಲೇಪ ಸಾಕು, ಮಣ್ಣು ರಸ್ತೆಯಲ್ಲಿ ಜಾಸ್ತಿ ಓಡುವವರು ಸಿಲಿಕೋನ್ ಸ್ಪ್ರೇ ಬಳಸಿದರೆ ಧೂಳು ಅಂಟುವುದು ಕಮ್ಮಿ.

ಬಾಗಿಲಿನ ಹಿಂಭಾಗ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ರೋಲರ್ ಸವೆದಿದೆ. ರೋಲರ್ ಸವೆದರೆ ಬಾಗಿಲು ಜಗ್ಗುತ್ತದೆ, ಜಗ್ಗಿದರೆ ಕೊಕ್ಕೆ ಸ್ಟ್ರೈಕರ್‌ಗೆ ಓರೆಯಾಗಿ ಕೂರುತ್ತದೆ, ಹ್ಯಾಂಡಲ್‌ಗೆ ಜೋರು ಬೀಳುತ್ತದೆ. ಹಾಗಾಗಿ ಸ್ಟ್ರೈಕರ್ ಮುಟ್ಟುವ ಮೊದಲು ರೋಲರ್ ಬದಲಿಸಿ. ಆಮೇಲೂ ಉಜ್ಜಿದರೆ ಸ್ಟ್ರೈಕರ್‌ನ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಬೋಲ್ಟ್ ಸಡಿಲಿಸಿ, ಒಂದು ಮಿಲಿಮೀಟರ್‌ನಷ್ಟು ಮಾತ್ರ ಸರಿಸಿ, ಬಿಗಿದು, ಬಾಗಿಲು ಹಾಕಿ ನೋಡಿ. ಗೆರೆ ಇದ್ದರೆ ವಾಪಸ್ ಮೊದಲಿನ ಜಾಗಕ್ಕೆ ತರಬಹುದು.

ಕ್ಯಾಂಪರ್‌ನವರು ಇನ್ನೊಂದು ವಿಷಯ ನೋಡಬೇಕು. ಬಾಗಿಲಿಗೆ ನಾವು ಎಷ್ಟು ಭಾರ ಹೇರಿದ್ದೇವೆ? ದಪ್ಪ ಪ್ಲೈ, ಮಸಾಲೆ ಡಬ್ಬಿಯ ಹಲಗೆ, ಮಡಚುವ ಟೇಬಲ್, ಟವೆಲ್ ಕೊಕ್ಕೆ. ಕಂಪನಿಯವರು ಹಾರ್ಡ್‌ಬೋರ್ಡ್ ಮತ್ತು ರೆಕ್ಸಿನ್‌ನ ಭಾರಕ್ಕೆ ಲೆಕ್ಕ ಹಾಕಿ ಆ ರೋಲರ್ ಕೊಟ್ಟಿದ್ದಾರೆ. ನಮ್ಮ ಬಾಗಿಲಿನ ಟೇಬಲ್ ಬಿಚ್ಚಿ ಮಂಚದ ಪಕ್ಕಕ್ಕೆ ಹಾಕಿದ ಮೇಲೆ ಬಾಗಿಲು ಎಷ್ಟು ಹಗುರಾಯಿತು ಅಂದರೆ, ನಮ್ಮ ಅತ್ತೆ ಕೂಡ ಈಗ ಕೂತಲ್ಲಿಂದಲೇ ತೆಗೆಯುತ್ತಾರೆ. ಭಾರದ ಸಾಮಾನು ಬಾಗಿಲಿಗೆ ಬೇಡ. ಬಟ್ಟೆಯ ಜೇಬುಗಳಿದ್ದರೆ ಸಾಕಲ್ವಾ?

ಕೊನೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಅದರ ಕೆಳಗಿನ ತುದಿ ಬಾಗಿಲ ಹೊಟ್ಟೆಯೊಳಗೆ ಇಳಿಬಿದ್ದಿರಲಿ. ಹಳೆ ಅಂಟು ಹಿಡಿಯದಿದ್ದರೆ ನೀರು ಬಿಡದ ರಬ್ಬರಿನಂಥ ಅಂಟು ಪಟ್ಟಿ (ಬ್ಯೂಟೈಲ್ ಟೇಪ್) ಹಾಕಿ. ಬೋರ್ಡ್, ಅದರ ಮೇಲೆ ಪ್ಲೈ. ಪ್ಲೈ ಕೂರಿಸುವ ಮೊದಲು ಹ್ಯಾಂಡಲ್‌ನ ನಟ್ಟು ಇರುವ ಜಾಗಕ್ಕೆ ಸರಿಯಾಗಿ ಅಂಗೈ ಅಗಲದ ಒಂದು ಕಿಂಡಿ ಕತ್ತರಿಸಿ, ಅದಕ್ಕೆ ನಾಲ್ಕು ಸ್ಕ್ರೂನ ಮುಚ್ಚಳ ಮಾಡಿಕೊಳ್ಳಿ. ಹಿಂದಿನ ಹಾರ್ಡ್‌ಬೋರ್ಡಿಗೂ ಅದೇ ಜಾಗದಲ್ಲಿ ಕಿಂಡಿ ಬೇಕು, ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಕತ್ತರಿಸದೆ ಅಲ್ಲಿಗೊಂದು ಎಬ್ಬಿಸಿ ಅಂಟಿಸುವ ಮೂಲೆ ಬಿಡಿ. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ, ಬೇಗ ತುಕ್ಕು ಹಿಡಿಯುವುದಿಲ್ಲ.

ಮೊದಲ ಜೋರು ಮಳೆ ಬಿದ್ದ ಮರುದಿನ ಆ ಮುಚ್ಚಳ ತೆಗೆದು ಕೈ ಆಡಿಸಿ. ಹಾಳೆಯ ಈಚೆ ಒಣಗಿರಬೇಕು. ಒದ್ದೆ ಇದ್ದರೆ ಹಾಳೆಯ ಅಂಟು ಎಲ್ಲೋ ಬಿಟ್ಟಿದೆ ಅಥವಾ ಗ್ಯಾಸ್ಕೆಟ್ ಕೂತಿಲ್ಲ. ಘಾಟಿ ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗುವುದೂ ಇದೆ, ಅದೇ ಕಿಂಡಿಯಿಂದ ಒಂದು ಕಾಲು ಸುತ್ತು ಬಿಗಿ ಮಾಡಿ. ಉಳಿದ ರಾಡ್ ಕ್ಲಿಪ್‌ಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ, 10ರ ಪಾನಾದ ಜೊತೆ ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಬಿಡಿ.